ಮೌಂಟಿನಡಿಯ ಎರಡಿಂಚು

ಫ್ರೇಮ್ ಮಾವನ ಅಂಗಡಿಗೆ ಫೋಟೋ ತಂದವರು ಕಟ್ಟು ಹಾಕಲು ಕೊಟ್ಟು ಸುಮ್ಮನೆ ಮನೆಗೆ ಹೋದದ್ದುಂಟೇ? ಸಾಧ್ಯವೇ ಇಲ್ಲ. ಫೋಟೋ ಮೇಜಿನ ಮೇಲೆ ಬಿದ್ದ ಕೂಡಲೇ ಮಾವ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸುತ್ತಿದ್ದರು. ಡ್ರಾಯರಿನಿಂದ ಹಳೆಯ ಪೋಸ್ಟ್ ಕಾರ್ಡೊಂದನ್ನು ತೆಗೆದು ಫೋಟೋದಲ್ಲಿದ್ದವರ ಮುಖವನ್ನು ಮುಚ್ಚುತ್ತಿದ್ದರು. ಆಮೇಲೆ "ಹೂಂ..." ಎಂದು ಉದ್ದಕ್ಕೆ ಎಳೆಯುತ್ತಿದ್ದರು. ಆ 'ಹೂಂ' ಬಂತೆಂದರೆ ಗಿರಾಕಿಗೆ ಅರ್ಧ ಗಂಟೆ ಬಿಡುಗಡೆಯಿಲ್ಲ. ಹಾಲನ್ನು ಒಲೆಯ ಮೇಲಿಟ್ಟು ಬಂದಿದ್ದರೆ ಉಕ್ಕಿ ಹೋಯಿತೆಂದೇ ತಿಳಿಯಬೇಕು.

ಕಟ್ಟು ಹಾಕುವುದು ಮಾವನ ಕಸುಬು, ಫೋಟೋ ಓದುವುದು ಅವರ ಚಟ. ಬೀದಿಯವರು ಇವೆರಡರಲ್ಲಿ ಯಾವುದಕ್ಕೆ ಬರುತ್ತಿದ್ದರು ಎಂದು ಕೇಳಿದರೆ ಹೇಳುವುದು ಕಷ್ಟ.

"ಮೊದ್ಲು ಕೈ ನೋಡ್ಬೇಕು," ಎನ್ನುವುದು ಅವರ ಪಾಠ. "ಕೈ ಸುಳ್ಳು ಹೇಳಲ್ಲ. ಆಮೇಲೆ ಕಣ್ಣು. ಬಾಯಿ ಕಡೇಗೆ. ಬಾಯಿ ಬಿಡಿ, ಫೋಟೋ ತೆಗೆಯೋನು 'ಸ್ವಲ್ಪ ನಗಿ ಸಾರ್' ಅಂದ್ರೆ ಸಾಕು, ಕಿವಿವರೆಗೂ ಹರಿಯುತ್ತೆ. ಅದಕ್ಕೆ ಮಾನ ಇದ್ಯಾ, ಮರ್ಯಾದೆ ಇದ್ಯಾ?"

ಒಮ್ಮೆ ಟ್ರಾಫಿಕ್ ಪೊಲೀಸಿನವನೊಬ್ಬ ತೀರಿಕೊಂಡ ತಂದೆಯ ಫೋಟೋ ತಂದ. ಆ ಮನುಷ್ಯನ ಹುಬ್ಬು ನೋಡಿದರೆ ಎದುರಿದ್ದವರಿಗೆ ಚಳಿಜ್ವರ ಬರಬೇಕು, ಹಾಗಿತ್ತು. "ನಮ್ಮಪ್ಪ ಹುಲಿ ಮಾವ. ಅವರಿರೋವರೆಗೂ ಅವರೆದುರು ನಾನು ಕೂತಿಲ್ಲ," ಎಂದ. ಮಾವ ಕಾರ್ಡಿನಿಂದ ಮುಖ ಮುಚ್ಚಿ ಕೈಗಳನ್ನಷ್ಟೇ ನೋಡಿದರು. "ಹೂಂ... ಹುಲಿ ಅಲ್ಲಪ್ಪ ಇದು. ಹೆಬ್ಬೆರಳು ನೋಡು, ಮುಷ್ಟಿಯೊಳಗೆ ಅಡಗಿಸ್ಕೊಂಡಿದ್ದಾರೆ. ಇಂಜೆಕ್ಷನ್‌ಗೆ ಹೆದರೋ ಮಕ್ಕಳು ಹೀಗೇ ಹಿಡಿಯೋದು. ನಿಮ್ಮಪ್ಪ ಕ್ಯಾಮೆರಾಕ್ಕೆ ಹೆದರಿದ್ದಾರೆ ಕಣಯ್ಯ." ಪೊಲೀಸಿನವನು ಬಗ್ಗಿ ನೋಡಿದ, ಕಾರ್ಡು ಸರಿಸಿ ಮತ್ತೆ ನೋಡಿದ, ಟೋಪಿ ತೆಗೆದ. "ನಮ್ಮಪ್ಪಾನೂ ಹೆದರ್ತಿದ್ರಾ?" ಎಂದು ಕೇಳಿದ. ಅವತ್ತಿನಿಂದ ಮಾವ ರಸ್ತೆ ದಾಟಬೇಕೆಂದರೆ ಅವನು ಎರಡೂ ಕಡೆಯ ಗಾಡಿಗಳನ್ನು ನಿಲ್ಲಿಸುತ್ತಾನೆ.

ಎಲ್ಲ ಸಲವೂ ಗುರಿ ಮುಟ್ಟುತ್ತಿತ್ತೆಂದಲ್ಲ. ಇನ್ನೊಮ್ಮೆ ಒಬ್ಬ ಹೆಂಗಸು ತನ್ನ ತಾಯಿಯ ಫೋಟೋ ತಂದಾಗ, ಕಣ್ಣಂಚಿನ ನೀರು ತೋರಿಸಿ, ಆ ತಾಯಿ ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡ ದುಃಖದ ಬಗ್ಗೆ ಮಾವ ಹತ್ತು ನಿಮಿಷ ಮಾತಾಡಿದರು. ಸರದಿಯಲ್ಲಿ ನಿಂತಿದ್ದ ಇಬ್ಬರು ಮೂಗು ಒರೆಸಿಕೊಂಡರು. ಎಲ್ಲ ಮುಗಿದ ಮೇಲೆ ಆಕೆ ಮೆಲ್ಲಗೆ, "ಮಾವ, ಅಮ್ಮ ಆಗ ಈರುಳ್ಳಿ ಹೆಚ್ತಿದ್ರು. ಇಲ್ಲಿ ನೋಡಿ, ಚಾಕು ಕಾಣ್ತಿದೆ," ಎಂದಳು. ಬೇರೆ ಯಾರಾದರೂ ಆಗಿದ್ದರೆ ಅಂಗಡಿಗೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದರು. ಮಾವ ಕನ್ನಡಕ ಒರೆಸಿಕೊಂಡು, "ಈರುಳ್ಳಿ ಹೆಚ್ಚೋವಾಗ್ಲೇ ಅಲ್ವೇನಮ್ಮ ಹೆಂಗಸರು ಬೇರೇದಕ್ಕೂ ಸೇರಿಸಿ ಅಳೋದು?" ಎಂದರು. ಆಕೆ ಒಂದು ಗಳಿಗೆ ಯೋಚಿಸಿ, ಅದೂ ಸರಿ ಎಂದು ತಲೆಯಾಡಿಸಿದಳು.

ಇಂಥ ಮಾವ ಓದದೆ ಬಿಟ್ಟಿದ್ದ ಫೋಟೋ ಒಂದೇ ಒಂದು. ಅದು ಅವರ ತಲೆಯ ಮೇಲೇ, ಮೇಜಿನ ಹಿಂದಿನ ಗೋಡೆಯಲ್ಲಿ ನೇತಾಡುತ್ತಿತ್ತು. ಅವರದೇ ಮದುವೆಯ ಫೋಟೋ.

ಅದರ ವಿಷಯ ತಿಳಿಯಬೇಕಾದರೆ ಹಳೆ ಯಜಮಾನರ ಬಗ್ಗೆ ಒಂದು ಮಾತು ಹೇಳಬೇಕು. ಎಂಟಡಿ ಅಗಲ, ಹನ್ನೆರಡಡಿ ಉದ್ದದ ಈ ಅಂಗಡಿ ಮೊದಲು ಅವರದು. ಮಾವ ಹತ್ತೊಂಬತ್ತನೆಯ ವಯಸ್ಸಿಗೆ ಅವರ ಕೈಕೆಳಗೆ ಸೇರಿ, ವಜ್ರದ ಮೊನೆಯಿಂದ ಗಾಜು ಕೊಯ್ಯುವುದು, ಕಟ್ಟಿಗೆಯ ಪಟ್ಟಿಯನ್ನು ಓರೆಯಾಗಿ ಕೊಯ್ದು ಮೂಲೆಗೆ ಮೂಲೆ ಕೂಡಿಸುವುದು, ಫೋಟೋದ ಸುತ್ತ ಇಡುವ ದಪ್ಪ ರಟ್ಟಿಗೆ, ಅಂದರೆ ಮೌಂಟಿಗೆ, ಕಿಟಕಿ ಕತ್ತರಿಸುವುದು ಎಲ್ಲ ಕಲಿತರು. ಫೋಟೋ ಓದುವ ಚಟ ಅಂಟಿಸಿದವರೂ ಅವರೇ. ಯಜಮಾನರದೊಂದು ಕಾಯಿದೆಯಿತ್ತು: ಕಾಲು ಯಾವತ್ತೂ ಮೌಂಟಿನ ಅಡಿಗೆ ಹೋಗಬೇಕು. "ಮನುಷ್ಯನ ವಿಚಾರ ಎಲ್ಲಾ ಸೊಂಟದಿಂದ ಮೇಲೆ ಕಣೋ. ಕೆಳಗಿರೋದು ಬರೀ ಓಡಾಡೋಕೆ," ಎನ್ನುತ್ತಿದ್ದರು. ಹಾಗಾಗಿ ಆ ಅಂಗಡಿಯಿಂದ ಕಟ್ಟು ಹಾಕಿಸಿಕೊಂಡ ಯಾವ ಮನೆಯಲ್ಲೂ, ಅಜ್ಜನಿಂದ ಹಿಡಿದು ಮೊಮ್ಮಗುವಿನವರೆಗೆ, ಒಬ್ಬರಿಗೂ ಕಾಲಿಲ್ಲ. ಎಲ್ಲರೂ ಮೊಣಕಾಲಿನವರೆಗೆ ನೀರಲ್ಲಿ ನಿಂತ ಹಾಗೆ ಗೋಡೆಯ ಮೇಲಿದ್ದಾರೆ.

ಮಾವನ ಮದುವೆಯಾದಾಗ ಯಜಮಾನರು ಫೋಟೋಗ್ರಾಫರನ ಹತ್ತಿರ ತಾವೇ ಹೋಗಿ, ಒಂದು ದೊಡ್ಡ ಪ್ರಿಂಟು ತೆಗೆಸಿ, ತಾವೇ ಕಟ್ಟು ಹಾಕಿ ಉಡುಗೊರೆ ಕೊಟ್ಟರು. ನಾಲ್ಕು ಮೂಲೆಯೂ ಕೂದಲು ತೂರದಷ್ಟು ಬಿಗಿ. "ಇದನ್ನ ಮಾತ್ರ ಬಿಚ್ಚಬೇಡಯ್ಯ," ಎಂದಿದ್ದರು. ಕಲಿಸಿದವರ ಕೆಲಸವನ್ನು ಕಲಿತವನು ಬಿಚ್ಚುವುದೆಂದರೆ ಅವಮಾನವಲ್ಲವೇ? ಮಾವ ಬಿಚ್ಚಲಿಲ್ಲ. ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾದರೂ ಬಿಚ್ಚಲಿಲ್ಲ.

ಮದುವೆಯ ಫೋಟೋವನ್ನು ಒಮ್ಮೆಯೂ ಓದಿಯೇ ಇಲ್ಲವೆಂದೆನಲ್ಲ, ಅದು ಪೂರ್ತಿ ನಿಜವಲ್ಲ. ಒಮ್ಮೆ ಓದಿದ್ದರು. ಮದುವೆಯಾದ ಎರಡನೆಯ ವಾರ, ಅಂಗಡಿಯಲ್ಲಿ ಯಾರೂ ಇಲ್ಲದಾಗ. ಮದುವೆ ರಿಜಿಸ್ಟರ್ ಮಾಡುವ ಆಫೀಸಿನ ಮೆಟ್ಟಿಲ ಮೇಲೆ ಇಬ್ಬರೂ ನಿಂತಿದ್ದಾರೆ. ಹುಡುಗ ಕ್ಯಾಮೆರಾವನ್ನೇ ನೋಡುತ್ತ ಲೋಕ ಗೆದ್ದವನ ಹಾಗೆ ಹಲ್ಲು ಬಿಟ್ಟಿದ್ದಾನೆ. ಹುಡುಗಿ? ಕಾರ್ಡಿನಿಂದ ಮುಖ ಮುಚ್ಚಿ ಮೊದಲು ಕೈ ನೋಡಿದರು: ಕರ್ಚೀಫನ್ನು ಹಿಂಡಿ ಮುದ್ದೆ ಮಾಡಿ ಹಿಡಿದಿದ್ದಾಳೆ. ಆಮೇಲೆ ಕಣ್ಣು: ಕೆಂಪಾಗಿದೆ, ನೆಲ ನೋಡುತ್ತಿದೆ. ಕಡೆಗೆ ತುಟಿ: ಬಿಗಿಯಾಗಿ ಕಚ್ಚಿಕೊಂಡಿದ್ದಾಳೆ, ಅಳು ಹೊರಗೆ ಬೀಳದ ಹಾಗೆ. ಮಾವನ ಎದೆ ಧಸಕ್ಕೆಂದಿತು. ಬೇರೆ ಯಾರದಾದರೂ ಫೋಟೋ ಆಗಿದ್ದರೆ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದರು: ಈ ಹುಡುಗಿಗೆ ಈ ಮದುವೆ ಬೇಡವಾಗಿತ್ತು.

ಸಾಕ್ಷಿ ಬೇರೆ ಇತ್ತು. ಮದುವೆಯ ಮರುದಿನ ಗಂಡನ ಊರಿಗೆ ಬಸ್ಸಿನಲ್ಲಿ ಬರುವಾಗ ಆಕೆ ಕಿಟಕಿಯ ಪಕ್ಕ ಕೂತು, ಒಂದು ಬ್ಯಾಗನ್ನು ಎದೆಗವಚಿಕೊಂಡು, ಹೊಳೆ ದಾಟುವವರೆಗೂ ಮುಖ ಒಳಗೆ ತಂದಿರಲಿಲ್ಲ. ಬಿಟ್ಟು ಬಂದ ಮನೆಗಾಗಿ ಅಳುತ್ತಿದ್ದಾಳೆ, ಪಾಪ, ಎಂದು ಮಾವ ಮೂರು ಗಂಟೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು.

ಕೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಕೇಳುವುದು? ಹೌದು ಎಂದುಬಿಟ್ಟರೆ? ಅದಕ್ಕೇ ಮೂವತ್ತೊಂದು ವರ್ಷ ಕೇಳಲಿಲ್ಲ. ಅದರ ಬದಲು ಆಕೆ ಹೇಳಿದ್ದಕ್ಕೆಲ್ಲ ಹೂಂಗುಟ್ಟಿದರು. ಹಸಿರು ಪರದೆ ಎಂದರೆ ಹಸಿರು, ಸಕ್ಕರೆ ಕಡಿಮೆ ಎಂದರೆ ಕಡಿಮೆ. ಬೇಡದ ಮದುವೆಗೆ ಬಂದವಳಿಗೆ ಬೇಕಾದ ಪರದೆಯಾದರೂ ಸಿಗಲಿ ಎಂಬ ಲೆಕ್ಕ. ಬೀದಿಯವರೆಲ್ಲ ಆಕೆಯನ್ನು ಹೊಲಿಗೆ ಅತ್ತೆ ಎನ್ನುತ್ತಾರೆ. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಹಳೆಯ ಬಟ್ಟೆ ಬಿಗಿ ಮಾಡಿಕೊಡುತ್ತಾರೆ, ಸಡಿಲ ಮಾಡಿಕೊಡುತ್ತಾರೆ. ಗಾಜಿನ ಚೂರು ಚಪ್ಪಲಿಗೆ ಚುಚ್ಚಿಕೊಂಡು ಬಂದು ಬಟ್ಟೆಗೆ ಸೇರಬಾರದೆಂದು ಅತ್ತೆಯೇ ಮಾಡಿದ ನಿಯಮವೊಂದಿತ್ತು: ಅಂಗಡಿಯೊಳಗೆ ನೀಲಿ ರಬ್ಬರ್ ಚಪ್ಪಲಿ, ಬೀದಿಗೆ ಕಂದು ಚರ್ಮದ ಚಪ್ಪಲಿ, ಹೊಸ್ತಿಲಲ್ಲಿ ಅದಲುಬದಲು. ಮಾವ ಅದನ್ನೂ ಒಂದು ದಿನ ಮುರಿದವರಲ್ಲ.

ಗಿರಾಕಿಗಳು ಆಗಾಗ ಗೋಡೆಯ ಫೋಟೋ ತೋರಿಸಿ, "ಇದೇನ್ ಹೇಳುತ್ತೆ ಮಾವ?" ಎಂದು ಕಾಲೆಳೆಯುತ್ತಿದ್ದರು.

"ಡಾಕ್ಟರು ತನಗೆ ತಾನೇ ಆಪರೇಷನ್ ಮಾಡ್ಕೊಳ್ತಾನಾ? ನಿಮ್ಮ ಅಳತೆ ಹೇಳ್ರಿ," ಎಂದು ಮಾವ ಮಾತು ಹಾರಿಸುತ್ತಿದ್ದರು.

ಇನ್ನೊಬ್ಬರಿದ್ದಾರೆ, ಅವರನ್ನೂ ಹೇಳಿಬಿಡಬೇಕು: ಮಾವನ ಅಣ್ಣ. ಪ್ರತಿ ಭಾನುವಾರ ಊಟಕ್ಕೆ ಬರುತ್ತಾರೆ, ಬಂದಾಗಲೆಲ್ಲ ಒಂದೇ ಕತೆ ಹೇಳುತ್ತಾರೆ. ತಮ್ಮನ ಮದುವೆಗೆ ಹೋದಾಗ, ಇಳಿದುಕೊಂಡಿದ್ದ ರೂಮಿನಿಂದ, ಸಂಜೆಯ ಊಟಕ್ಕೆಂದು ತೆಗೆದಿಟ್ಟಿದ್ದ ಅವರ ಹಿತ್ತಾಳೆ ಬಕಲ್ಲಿನ ಹೊಸ ಬೂಟನ್ನು ಯಾರೋ ಕದ್ದರಂತೆ. ಅದೂ ಒಂದೇ! ಬಲಗಾಲಿನದು! "ಕದ್ದವನಿಗೆ ಒಂಟಿ ಕಾಲೇ ಇದ್ದಿರ್ಬೇಕು. ಒಂಟಿ ಕಾಲಿನೋನು ಅಷ್ಟು ಬೇಗ ಹೇಗೆ ಓಡಿದ ಅನ್ನೋದೇ ನನಗೆ ಇವತ್ತಿಗೂ ಗೊತ್ತಾಗಿಲ್ಲ," ಎಂದು ಎಪ್ಪತ್ತರ ಅಣ್ಣ ತಲೆ ಕೆರೆದುಕೊಳ್ಳುತ್ತಾರೆ. ಅತ್ತೆ ಆ ಹೊತ್ತಿಗೆ ಸರಿಯಾಗಿ ಏನನ್ನೋ ತರಲು ಅಡುಗೆಮನೆಗೆ ಹೋಗುತ್ತಾರೆ. ನೂರು ಸಲ ಕೇಳಿದ ಕತೆ, ಬೇಸರ ಬಂದಿರಬೇಕು ಎಂದು ಮಾವ ಓದಿಕೊಂಡಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ನಿವೃತ್ತ ಭೂಗೋಳದ ಟೀಚರಮ್ಮ ತಮ್ಮ ಶಾಲೆಯ ಹಳೆಯ ಗ್ರೂಪ್ ಫೋಟೋ ಹಿಡಿದು ಬಂದರು. ಮಾವ ಎಂದಿನಂತೆ ಕಾರ್ಡು ಆಡಿಸಿ, "ಹೂಂ... ಟೀಚರಮ್ಮ, ನೀವು ಮತ್ತೆ ಈ ಎಡಗಡೆ ಇರೋರು ಮಾತು ಬಿಟ್ಟಿದ್ರಿ ಅಲ್ವಾ? ಎಲ್ಲರ ಭುಜವೂ ತಾಗಿದೆ, ನಿಮ್ಮಿಬ್ಬರ ಮಧ್ಯೆ ಮಾತ್ರ ಒಂದು ಬಾಗಿಲು ಹಿಡಿಯುತ್ತೆ," ಎಂದರು.

ಟೀಚರಮ್ಮನ ಮುಖ ಕೆಂಪಾಯಿತು. ಹೌದು, ಬಿಟ್ಟಿದ್ದರು, ಒಂದು ಭೂಪಟದ ವಿಷಯಕ್ಕೆ ನಾಲ್ಕು ವರ್ಷ. ಆದರೆ ತಾವು ಪಾಠ ಹೇಳಿ ರೂಢಿಯಾದವರು, ಹೇಳಿಸಿಕೊಂಡು ಅಲ್ಲ. "ಏನ್ರೀ ಫ್ರೇಮಿನವರೇ, ಎಲ್ಲರ ಸಂಸಾರದಲ್ಲೂ ಮೂಗು ತೂರಿಸ್ತೀರಿ. ಇವತ್ತು ನಿಮ್ಮದು ನಾನು ಓದ್ತೀನಿ, ಕೊಡಿ ಆ ಕಾರ್ಡು!" ಎಂದವರೇ ಮೇಜು ಬಳಸಿ ಗೋಡೆಯ ಹತ್ತಿರ ಹೋಗಿಯೇ ಬಿಟ್ಟರು.

"ಅಯ್ಯೋ, ಅದು ಬೇಡ ಟೀಚರಮ್ಮ..."

"ಸುಮ್ನಿರಿ. ಮೊದ್ಲು ಕೈ, ಅಲ್ವಾ? ಕರ್ಚೀಫು ಹಿಂಡ್ತಿದ್ದಾಳೆ. ಕಣ್ಣು? ಕೆಂಪು. ಬೆಳಗ್ಗೆಯಿಂದ ಅತ್ತಿದ್ದಾಳೆ. ತುಟಿ? ಬಿಗಿ." ಟೀಚರಮ್ಮ ತರಗತಿಗೆ ಕೇಳಿಸುವಷ್ಟು ಗಟ್ಟಿಯಾಗಿ ಫಲಿತಾಂಶ ಹೇಳಿದರು. "ಈ ಹುಡುಗಿಗೆ ಈ ಮದುವೆ ಸುತಾರಾಂ ಇಷ್ಟ ಇರ್ಲಿಲ್ಲ!"

ಮಾವ ಬಾಗಿಲ ಕಡೆ ನೋಡುತ್ತಿದ್ದರು. ಹೊಸ್ತಿಲಲ್ಲಿ ಊಟದ ಡಬ್ಬಿ ಹಿಡಿದು ಅತ್ತೆ ನಿಂತಿದ್ದರು.

ಅತ್ತೆ ನಗಲಿಲ್ಲ, ಸಿಟ್ಟಾಗಲಿಲ್ಲ, ಛೆ ಛೆ ಎನ್ನಲಿಲ್ಲ. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಊಟ ಆರುತ್ತೆ, ಬೇಗ ಮಾಡಿ," ಎಂದು ಹೊರಟುಹೋದರು.

ಟೀಚರಮ್ಮ ನಾಲಿಗೆ ಕಚ್ಚಿಕೊಂಡರು. "ಅಯ್ಯಯ್ಯೋ! ಫೋಟೋದಲ್ಲಿರೋರೇ ಏನ್ರೀ ಇವರು? ನನ್ನ ಬಾಯಿಗಷ್ಟು ಬೆಂಕಿ ಹಾಕ! ಹಿಂದೆ ನಿಂತಿದ್ದಾರೆ ಅಂತ ಒಂದು ಸನ್ನೆ ಮಾಡಬಾರದಾ?"

"ಪರವಾಗಿಲ್ಲ ಬಿಡಿ. ನೀವು ಓದಿದ್ದು ಸರೀನೇ," ಎಂದರು ಮಾವ. ಮೂವತ್ತೊಂದು ವರ್ಷ ತಮ್ಮೊಬ್ಬರ ಹೊಟ್ಟೆಯಲ್ಲಿದ್ದ ಮಾತು ಇನ್ನೊಬ್ಬರ ಬಾಯಿಂದ ಬಂದ ಮೇಲೆ ಅವರಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ನಿಜಕ್ಕೂ ಬಹಳ ದುಃಖವಾಯಿತು.

ಟೀಚರಮ್ಮನಿಗೆ ಹಾಗೇ ಹೋಗಲು ಮನಸ್ಸು ಬರಲಿಲ್ಲ. ತಪ್ಪು ತಿದ್ದಲು ಏನಾದರೂ ಸಿಕ್ಕೀತೇ ಎಂದು ಫೋಟೋಕ್ಕೆ ಮೂಗು ಹಚ್ಚಿ ನಿಂತರು. ಆಮೇಲೆ ಬೆರಳಿನಿಂದ ಗಾಜಿನ ಮೇಲೆ, ಹುಡುಗಿಯ ಕಣ್ಣಿನಿಂದ ಶುರುಮಾಡಿ ಓರೆಯಾಗಿ ಕೆಳಗೆ ಒಂದು ಗೆರೆ ಎಳೆದರು. ಗೆರೆ ಹುಡುಗನ ಮೊಣಕಾಲಿನ ಹತ್ತಿರ ಬಂದು ಮೌಂಟಿಗೆ ತಾಗಿ ನಿಂತಿತು.

"ಇವಳು ಬರೀ ನೆಲ ನೋಡ್ತಿಲ್ಲ ಕಣ್ರೀ. ಏನೋ ಒಂದನ್ನ ನೋಡ್ತಿದ್ದಾಳೆ. ಇದರ ಕೆಳಗೆ ಏನಿದೆ?"

"ಏನಿರುತ್ತೆ? ಕಾಲು. ಅದು ಮೌಂಟಿನಡಿ ಇದೆ."

"ಆಹಾ! ಅರ್ಧ ಭೂಪಟ ಮುಚ್ಚಿಟ್ಟು, ನದಿ ಎಲ್ಲಿಗೆ ಹೋಗಿ ಸೇರುತ್ತೆ ಹೇಳು ಅಂದ ಹಾಗಾಯ್ತು. ನನ್ನ ತರಗತಿಯಲ್ಲಿ ಆಗಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ ನಿಮ್ಮನ್ನ," ಎಂದು ಹೇಳಿ, ಗ್ರೂಪ್ ಫೋಟೋಕ್ಕೆ ಕಪ್ಪು ಪಟ್ಟಿ ಹಾಕಲು ತಿಳಿಸಿ ಟೀಚರಮ್ಮ ಹೋದರು.

ಮಾವ ಊಟ ಮಾಡಲಿಲ್ಲ. ಡಬ್ಬಿಯ ಪಕ್ಕದಲ್ಲಿ ಕೂತು ಫೋಟೋವನ್ನೇ ನೋಡಿದರು. ಯಜಮಾನರು ಬಿಚ್ಚಬೇಡ ಎಂದಿದ್ದರು. ಬಿಚ್ಚಿದ ಮೇಲೆ ಅದರೊಳಗೆ ಇನ್ನೂ ಕೆಟ್ಟದ್ದೇನಾದರೂ ಇದ್ದರೆ? ಯಾರಾದರೂ ಬರೆದ ಚೀಟಿ ಕಾಲ ಬಳಿ ಬಿದ್ದಿದ್ದರೆ? ಮನುಷ್ಯನಿಗೆ ಹೆದರಿಕೆ ಹುಟ್ಟಿತೆಂದರೆ ಎರಡು ಇಂಚಿನ ಜಾಗದಲ್ಲಿ ಎಷ್ಟೆಲ್ಲ ಹಿಡಿಯುತ್ತದೆ ನೋಡಿ! ಕಡೆಗೆ, "ಆಗಿದ್ದು ಆಗ್ಲಿ," ಎಂದು ಎದ್ದು, ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಫೋಟೋ ಇಳಿಸಿ ಮೇಜಿನ ಮೇಲೆ ಬೋರಲು ಹಾಕಿದರು.

ಹಿಂದಿನ ಕಂದು ಕಾಗದವನ್ನು ಚಾಕುವಿನಿಂದ ಸೀಳಿದರು. ತುಕ್ಕು ಹಿಡಿದ ಸಣ್ಣ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಎಳೆದರು. ರಟ್ಟು ಎತ್ತಿದಾಗ ಪ್ರಿಂಟಿನ ಬೆನ್ನು ಕಾಣಿಸಿತು. ಅಲ್ಲಿ ಯಜಮಾನರ ದುಂಡು ಅಕ್ಷರದಲ್ಲಿ ಪೆನ್ಸಿಲ್ಲಿನಿಂದ ಎರಡು ಸಾಲು ಬರೆದಿತ್ತು: 'ಕಾಲು ಮುಚ್ಚಿದ್ದೇನೆ. ಕಾರಣ ಹುಡುಗಿಗೆ ಗೊತ್ತು.'

ಮಾವ ಅದನ್ನು ಎರಡು ಸಲ ಓದಿದರು. ಪ್ರಿಂಟನ್ನು ಮಗುಚಿ ಮೌಂಟ್ ಸರಿಸಿದರು.

ಮೆಟ್ಟಿಲ ಮೇಲೆ ನಾಲ್ಕು ಕಾಲುಗಳಿದ್ದವು. ಎರಡು ಹುಡುಗಿಯವು, ಅಚ್ಚುಕಟ್ಟಾಗಿ ಜೋಡಿಸಿಟ್ಟವು. ಇನ್ನೆರಡು ಅವರದೇ. ಎಡಗಾಲಿಗೆ ಲೇಸ್ ಕಟ್ಟಿದ ಕಪ್ಪು ಬೂಟು. ಬಲಗಾಲಿಗೂ ಕಪ್ಪು ಬೂಟೇ, ಆದರೆ ಅದಕ್ಕೆ ಲೇಸಿಲ್ಲ. ಪಳಪಳ ಹೊಳೆಯುವ ಹಿತ್ತಾಳೆಯ ಬಕಲ್ಲು.

"ಅಣ್ಣನ ಬೂಟು!" ಎಂದರು ಮಾವ, ಯಾರೂ ಇಲ್ಲದ ಅಂಗಡಿಯಲ್ಲಿ ಗಟ್ಟಿಯಾಗಿ.

ಒಂಟಿ ಕಾಲಿನ ಕಳ್ಳ ಮೂವತ್ತೊಂದು ವರ್ಷ ಅಲ್ಲೇ, ಅವರ ತಲೆಯ ಮೇಲೇ ನೇತಾಡುತ್ತಿದ್ದ. ಅದೂ ಹಲ್ಲು ಬಿಟ್ಟುಕೊಂಡು!

ಪ್ರಿಂಟನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮಾವ ಹೊರಟ ವೇಗಕ್ಕೆ ಅಂಗಡಿಗೆ ಬೀಗ ಹಾಕಿದ್ದೇ ದೊಡ್ಡದು. ವೃತ್ತದಲ್ಲಿ ಟ್ರಾಫಿಕ್ ಪೊಲೀಸಿನವನು ಎಂದಿನಂತೆ ಎರಡೂ ಕಡೆಯ ಗಾಡಿಗಳನ್ನು ನಿಲ್ಲಿಸಿದ. ಮಾವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಮಾವ, ನಿಮ್ಮ..." ಎಂದು ಏನೋ ಹೇಳಲು ಬಾಯಿ ತೆರೆದ. ಕೇಳಲು ಮಾವನಿಗೆ ಪುರಸೊತ್ತೆಲ್ಲಿ? ದಾಟಿಯಾಗಿತ್ತು.

ಅತ್ತೆ ಕಿಟಕಿಯ ಬಳಿ ಮಿಷನ್ನಿನ ಮುಂದೆ ಕೂತು ಯಾವುದೋ ಹುಡುಗಿಯ ಲಂಗದ ಅಂಚು ಬಿಚ್ಚುತ್ತಿದ್ದರು. ಗಂಡ ಏದುಸಿರು ಬಿಡುತ್ತ ಬಂದದ್ದು ನೋಡಿ ಎದ್ದೇಬಿಟ್ಟರು. "ಏನ್ರೀ ಇದು, ಇಷ್ಟು ಹೊತ್ತಲ್ಲಿ? ಮೈ ಸರಿ ಇಲ್ವಾ? ಊಟ ಮಾಡಿದ್ರಾ?"

ಮಾವ ಪ್ರಿಂಟನ್ನು ಮಿಷನ್ನಿನ ಮೇಲೆ ಬಿಡಿಸಿಟ್ಟು, ಬಕಲ್ಲಿನ ಮೇಲೆ ಬೆರಳಿಟ್ಟರು.

ಅತ್ತೆ ಬಗ್ಗಿ ನೋಡಿದರು. "ಅಯ್ಯೋ ಶಿವನೇ," ಎಂದು ಕುರ್ಚಿಯಲ್ಲಿ ಕೂತರು. "ಇದು ಫೋಟೋದಲ್ಲೂ ಬಂದಿತ್ತಾ? ನಾನು ಇಷ್ಟು ವರ್ಷ, ಸದ್ಯ, ಕಾಲು ಬಂದಿಲ್ಲ ಅಂದ್ಕೊಂಡಿದ್ದೆ."

"ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಬೂಟು ಕದ್ದವಳು ನಾನೇ."

ಆಮೇಲೆ ಕತೆ ಹೊರಬಿತ್ತು. ಮದುವೆಯ ಸಂಜೆ, ಗಂಡಿನ ಕಡೆಯವರು ಇಳಿದಿದ್ದ ರೂಮಿಗೆ ಬಂದಾಗ ಮಾವ ಬೂಟು ಕಳಚಿಟ್ಟು ಒಳಗೆ ಹೋದರು. ಅವರದೇ ಇನ್ನೊಂದು ಲೇಸಿನ ಬೂಟು ಮಂಚದ ಕೆಳಗೆ ಬಿದ್ದಿದ್ದನ್ನು ಅತ್ತೆ ಕಂಡರು, ತಂದು ಜೋಡಿ ಮಾಡಿಟ್ಟರು. ಬಕಲ್ಲಿನ ಬೂಟನ್ನು ಅದರ ಜೊತೆಗಾರನ ಪಕ್ಕ ಇಡಬೇಕೆಂದು ಕೈಗೆತ್ತಿಕೊಳ್ಳುವಷ್ಟರಲ್ಲಿ ಅಣ್ಣ ಪಡಸಾಲೆಯಲ್ಲಿ "ನನ್ನ ಬೂಟು! ನನ್ನ ಬೂಟು!" ಎಂದು ಮನೆ ಹಾರಿಹೋಗುವಂತೆ ಕೂಗತೊಡಗಿದ್ದರು.

"ಎರಡೂ ಕಡೆಯ ನೆಂಟರು ಸೇರಿದ್ರು. ಕೊಟ್ರೆ ಎಲ್ಲಿತ್ತು ಅಂತ ಕೇಳ್ತಾರೆ. ಮದುಮಗ ದಿನವಿಡೀ ಎರಡು ಥರದ ಬೂಟು ಹಾಕ್ಕೊಂಡು ಓಡಾಡಿದ ಅಂತ ಸಾಯೋವರೆಗೂ ಆಡ್ಕೊಳ್ತಾರೆ. ನಾನೇನು ಮಾಡ್ಲಿ? ಬ್ಯಾಗಿಗೆ ಹಾಕ್ಕೊಂಡೆ. ಮದುವೆಯಾಗಿ ಒಂದು ದಿನ ಆಗಿರ್ಲಿಲ್ಲ, ನಿಮಗೋಸ್ಕರ ಕಳ್ಳಿಯಾದೆ."

"ಬೂಟು ಎಲ್ಲಿ?"

"ಹೊಳೇಲಿ. ಬಸ್ಸಲ್ಲಿ ಬರೋವಾಗ ಸೇತುವೆ ಯಾವಾಗ ಬರುತ್ತೋ ಅಂತ ಕಿಟಕಿಯಿಂದ ಮುಖ ಒಳಗೆ ತಂದಿರ್ಲಿಲ್ಲ ನಾನು."

ಮಾವ ಹಾಗೇ ನೆಲದ ಮೇಲೆ, ಬಟ್ಟೆಯ ಚೂರುಗಳ ಮಧ್ಯೆ ಕುಸಿದು ಕೂತರು. "ಅವತ್ತು ನೀನು ಅಳ್ತಿದ್ದೀಯ ಅಂತ ನಾನು ಮೂರು ಗಂಟೆ ಕೆಮ್ಮಲೂ ಇಲ್ಲ ಕಣೇ." ಆಮೇಲೆ, "ಅವತ್ತೆಲ್ಲ ಬಲಗಾಲು ಒಂದು ಚೂರು ಎತ್ತರಕ್ಕೆ ಹೋದ ಹಾಗೆ ಅನ್ನಿಸ್ತಿತ್ತು. ನಾನು ಖುಷಿಗೆ ಅಂದ್ಕೊಂಡಿದ್ದೆ," ಎಂದರು.

ಅತ್ತೆಗೆ ನಗು ಬಂತು. ಮಾವನಿಗೆ ಬರಲಿಲ್ಲ. ಅವರಿಗೆ ಬೇಕಾದ ಉತ್ತರ ಇನ್ನೂ ಸಿಕ್ಕಿರಲಿಲ್ಲ.

"ಹಾಗಾದ್ರೆ ಟೀಚರಮ್ಮ ಹೇಳಿದ್ದು ಸುಳ್ಳಾ?"

ಅತ್ತೆ ನಗು ನಿಲ್ಲಿಸಿದರು. ಲಂಗವನ್ನು ತೊಡೆಯ ಮೇಲೆ ಹರಡಿಕೊಂಡು, ಅಂಚು ನೇವರಿಸುತ್ತ ಹೇಳಿದರು. "ಸುಳ್ಳಲ್ಲ. ಅದಕ್ಕೇ ನಾನು ಸುಮ್ನೆ ಬಂದೆ. ಗಿರಾಕಿ ಮುಂದೆ ಏನಂತ ಹೇಳೋದು? ನನಗೆ ಆಗ ದೊಡ್ಡ ಹೊಲಿಗೆ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಮನೆಯವರು ಅದನ್ನ ಬಿಡಿಸಿ ಯಾರೋ ಗಾಜು ಕೊಯ್ಯೋನಿಗೆ ಕೊಟ್ಟು ಕೈ ತೊಳ್ಕೋತಿದ್ದಾರೆ ಅಂತ ಬೆಳಗ್ಗೆಯಿಂದ ಅತ್ತಿದ್ದೆ. ಸಹಿ ಹಾಕೋವಾಗ್ಲೂ ನಿಮ್ಮ ಮುಖ ನೋಡಿರ್ಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ನಿಲ್ಲಿಸಿದ್ರು. ಅಳು ಇನ್ನೇನು ಬಂತು ಅನ್ನೋವಾಗ ತಲೆ ತಗ್ಗಿಸಿದೆ. ನಿಮ್ಮ ಕಾಲು ಕಾಣಿಸ್ತು."

"ಆಮೇಲೆ?"

"ಆಮೇಲೇನು? ಅಷ್ಟು ಜನ ನೆಂಟರು ನಿಮ್ಮನ್ನ ಸಿಂಗಾರ ಮಾಡಿ ಕಳಿಸಿದ್ದಾರೆ, ಒಬ್ಬರೂ ಕಾಲು ನೋಡಿಲ್ಲ. ನೀವು ನೋಡಿದ್ರೆ ಪ್ರಪಂಚಾನೇ ಗೆದ್ದ ಹಾಗೆ ನಿಂತಿದ್ದೀರಿ. ಪಾಪ, ಇವನಿಗೆ ಯಾರಾದ್ರೂ ಒಬ್ರು ಬೇಕು ಅನ್ನಿಸ್ತು. ಅಳು ಎಲ್ಲಿ ಹೋಯ್ತೋ ಗೊತ್ತಾಗ್ಲಿಲ್ಲ. ನಗು ಬಂತು. ತಡ್ಕೊಳ್ಳೋಕೆ ಆ ಕರ್ಚೀಫು ಹಿಂಡಿ ಹಿಂಡಿ ಸಾಕಾಯ್ತು. ಅಷ್ಟರಲ್ಲಿ ಫೋಟೋದವನು ಕ್ಲಿಕ್ ಮಾಡೇಬಿಟ್ಟ."

ಮಾವ ಫೋಟೋವನ್ನು ಮತ್ತೆ ಕೈಗೆತ್ತಿಕೊಂಡರು. ಅದೇ ಕೆಂಪು ಕಣ್ಣು, ಅದೇ ಕೈ, ಅದೇ ತುಟಿ. ಏನೊಂದೂ ಬದಲಾಗಿರಲಿಲ್ಲ, ಕೆಳಗೆ ಎರಡು ಇಂಚು ಹೆಚ್ಚಾಗಿತ್ತು, ಅಷ್ಟೇ. ಆ ತುಟಿಯ ಹಿಂದೆ ಇದ್ದದ್ದು ನಗು ಎಂದು ಈಗ ಕುರುಡನಿಗೂ ಕಾಣುತ್ತಿತ್ತು.

"ಮೂವತ್ತೊಂದು ವರ್ಷ ಇದನ್ನ ಒಂದು ಸಲ ಹೇಳಬಾರದಾಗಿತ್ತಾ?"

"ನೀವು ಕೇಳಿದ್ರಾ? ಊರಿನ ಫೋಟೋ ಎಲ್ಲಾ ಓದ್ತೀರಿ, ನಿಮ್ಮದೇ ಓದಿರಲ್ವಾ ಅಂತ ನಾನು ಅಂದ್ಕೊಂಡಿದ್ದೆ." ಅತ್ತೆ ತಟ್ಟನೆ ಕಣ್ಣು ಕಿರಿದು ಮಾಡಿದರು. "ಒಂದು ನಿಮಿಷ. ಅದಕ್ಕಾ ನೀವು ಇಷ್ಟು ವರ್ಷ ನಾನು ಹೇಳಿದ್ದಕ್ಕೆಲ್ಲಾ ಹೂಂ ಅಂದಿದ್ದು? ಹಸಿರು ಪರದೆ ಅಂದ್ರೂ ಹೂಂ, ಗೋಡೆಗೆ ಗುಲಾಬಿ ಬಣ್ಣ ಅಂದ್ರೂ ಹೂಂ. ನಾನು ಒಳ್ಳೇ ಸ್ವಭಾವ ಅಂದ್ಕೊಂಡಿದ್ನಲ್ಲಾ!"

"ಆ ಗುಲಾಬಿ ಬಣ್ಣ ನನಗೆ ಕಂಡ್ರಾಗಲ್ಲ," ಎಂದರು ಮಾವ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.

"ಆಹಾ! ಯಜಮಾನರು ಬಿಚ್ಚಬೇಡ ಅಂದಿದ್ದು ಇದಕ್ಕೇ ನೋಡಿ."

ಮಾವ ಗೋಡೆ ಹಿಡಿದುಕೊಂಡು ಎದ್ದು ನಿಂತರು. ಫೋಟೋದ ಸಂಶಯ ತೀರಿತ್ತು, ಆದರೂ ಮನುಷ್ಯನ ಆಸೆ. ಗಂಟಲು ಸರಿಮಾಡಿಕೊಂಡು, ಕಿಟಕಿಯ ಕಡೆ ನೋಡುತ್ತ ಕೇಳಿದರು. "ಅದು ಅವತ್ತಿನ ಮಾತಾಯ್ತು. ಈಗ? ಈಗ ಇಷ್ಟ ಇದ್ಯಾ?"

ಮಾವ ತಿರುಗಿ ನೋಡಿದರೆ ಅತ್ತೆಯ ಕಣ್ಣು ಕೆಳಗಿಳಿದಿತ್ತು. ತುಟಿ ಬಿಗಿಯಾಗಿತ್ತು. ಕೈಯಲ್ಲಿದ್ದ ಲಂಗ ಹಿಂಡಿ ಹಿಂಡಿ ಮುದ್ದೆಯಾಗಿತ್ತು. ಆಫೀಸಿನ ಮೆಟ್ಟಿಲ ಮೇಲಿನ ಅದೇ ಮುಖ, ಎರಡು ಬಿಳಿ ಕೂದಲು ಸೇರಿಕೊಂಡಿದ್ದವು ಅಷ್ಟೇ. ರೂಢಿಯಂತೆ ಮಾವನ ಎದೆ ಒಮ್ಮೆ ಧಸಕ್ಕೆಂದಿತು. ಆದರೆ ಈ ಸಲ ಮಧ್ಯೆ ಮೌಂಟ್ ಇರಲಿಲ್ಲ. ಟೀಚರಮ್ಮನ ಹಾಗೆ ಆಕೆಯ ನೋಟದ ಗೆರೆ ಹಿಡಿದು ಅವರೂ ಕೆಳಗೆ ನೋಡಿದರು.

ಬಲಗಾಲಲ್ಲಿ ಕಂದು ಚರ್ಮದ ಚಪ್ಪಲಿ. ಎಡಗಾಲಲ್ಲಿ ನೀಲಿ ರಬ್ಬರ್ ಚಪ್ಪಲಿ.

ಅತ್ತೆಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಲಂಗದಲ್ಲಿ ಮುಖ ಮುಚ್ಚಿಕೊಂಡು, ಮಿಷನ್ನಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಇಷ್ಟ ಇದ್ಯಾ ಅಂತ ಕೇಳ್ತಾರೆ ಇವರು," ಎಂದು ನಡುನಡುವೆ ಉಸಿರೆಳೆದುಕೊಂಡು ಹೇಳಿದರು. "ಇವತ್ತಿಗೂ ಬೇಕು ರೀ ನಿಮಗೆ ಒಬ್ರು."

ಆಮೇಲೆ ಕಣ್ಣು ಒರೆಸಿಕೊಂಡು ಹತ್ತಿರ ಬಂದು, ಗಾಜಿನ ಚೂರು ಇದ್ದೀತೆಂದು ಆ ನೀಲಿ ಚಪ್ಪಲಿಯನ್ನು ತಾವೇ ಅವರ ಕಾಲಿನಿಂದ ಕಳಚಿ ಬಾಗಿಲ ಹೊರಗೆ ಇಟ್ಟರು.